ಎಂಟು ಭಾಗಗಳ ಸ್ಟೀರಿಂಗ್ ಕಿಟ್: ಹಾಕಿ ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ

ಈ ಕಿಟ್ ತರಿಸುವ ಮೊದಲು ನನ್ನ ಪಿಕಪ್ ನೇರ ರಸ್ತೆಯಲ್ಲೂ ಹಾವಿನ ಹಾಗೆ ಹೋಗುತ್ತಿತ್ತು. ಸ್ಟೀರಿಂಗ್ ಮೂರು ಬೆರಳಷ್ಟು ತಿರುಗಿಸಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮುಂದಿನ ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸ.

ಮೊದಲು ಮಾಡಿದ ದಡ್ಡ ಕೆಲಸವನ್ನೂ ಹೇಳಿಬಿಡುತ್ತೇನೆ. ಗಾಡಿ ಜ್ಯಾಕ್ ಮೇಲೆ ಎತ್ತಿ, ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದೆ. ಲೂಸ್ ಇತ್ತು. ಟೈ ರಾಡ್ ಎಂಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಜಾಯಿಂಟ್) ಹೋಗಿದೆ ಅಂತ ತೀರ್ಮಾನಿಸಿ ಹೊರಗಿನ ಎರಡನ್ನು ಮಾತ್ರ ಬದಲಿಸಿದೆ. ಏನೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಆಮೇಲೆ ಚಕ್ರಗಳನ್ನು ನೆಲದ ಮೇಲೇ ಬಿಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಮಗಳಿಗೆ ಸ್ಟೀರಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಆಡಿಸು ಅಂದೆ. ನಾನು ಕೆಳಗೆ ಮಲಗಿ ನೋಡಿದೆ. ಗಾಡಿಯ ತೂಕ ಚಕ್ರದ ಮೇಲಿದ್ದಾಗ ಸವೆದ ಜಾಗ ತಾನೇ ಬಾಯಿ ಬಿಡುತ್ತದೆ. ಐಡ್ಲರ್ ಆರ್ಮ್, ಅಂದರೆ ಸ್ಟೀರಿಂಗಿನ ಅಡ್ಡ ಕಂಬಿಯ ಒಂದು ಬದಿಯನ್ನು ಹೊತ್ತು ಹಿಡಿಯುವ ತೋಳು, ಅಡ್ಡಕ್ಕೆ ತೂಗುವ ಬದಲು ಮೇಲೆ ಕೆಳಗೆ ಕುಣಿಯುತ್ತಿತ್ತು! ನಿಜವಾದ ಕಳ್ಳ ಅವನೇ.

ಒಂದೊಂದೇ ಬದಲಿಸುವ ಸಹವಾಸ ಬೇಡ ಅಂತ ಕಿಟ್ ತರಿಸಿದೆ. ಒಳಗಿನ ಟೈ ರಾಡ್ ಎಂಡ್ 2, ಹೊರಗಿನದು 2, ಅವನ್ನು ಜೋಡಿಸುವ ಸ್ಲೀವ್ 2, ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನಿಂದ ಬಂದು ಆ ಅಡ್ಡ ಕಂಬಿಯನ್ನು ಆಡಿಸುವ ತೋಳು) 1, ಐಡ್ಲರ್ ಆರ್ಮ್ 1. ಎಲ್ಲ ಜಾಯಿಂಟಿಗೂ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇದೆ, ಅದು ನನಗೆ ಇಷ್ಟವಾಯಿತು. ನನ್ನ ಹಳೇ ಭಾಗಗಳು ಸೀಲ್ ಆಗಿದ್ದವು, ಒಳಗೆ ಒಣಗಿದ್ದು ಹೊರಗೆ ಗೊತ್ತೇ ಆಗಲಿಲ್ಲ. ಬಾಲ್ ಜಾಯಿಂಟುಗಳು ಕೈಯಲ್ಲಿ ಹಿಡಿದಾಗ ಬಿಗಿಯಾಗಿ, ಸಮನಾಗಿ ತಿರುಗಿದವು. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟುಗಳೂ ದಪ್ಪಗಿವೆ.

ಈಗ ದೂರುಗಳು. ಸ್ಲೀವಿನ ಒಂದು ತುದಿಯಲ್ಲಿ ಬಲಕ್ಕೆ ತಿರುಗುವ ಮರೆ (ಥ್ರೆಡ್), ಇನ್ನೊಂದರಲ್ಲಿ ಎಡಕ್ಕೆ ತಿರುಗುವ ಮರೆ ಇರುತ್ತದೆ. ಸ್ಲೀವ್ ತಿರುಗಿಸಿದರೆ ಎರಡು ರಾಡೂ ಒಟ್ಟಿಗೆ ಒಳಗೆ ಅಥವಾ ಹೊರಗೆ ಹೋಗಲಿ ಅಂತ. ಆದರೆ ಯಾವುದು ಯಾವ ಮರೆ ಅಂತ ಈ ಕಿಟ್‌ನಲ್ಲಿ ಎಲ್ಲೂ ಗುರುತಿಲ್ಲ. ಅರ್ಧ ಗಂಟೆ ತಪ್ಪು ತುದಿಗೆ ತಪ್ಪು ರಾಡ್ ಇಟ್ಟು ಒದ್ದಾಡಿದೆ. ಅದೃಷ್ಟ, ಜೋರು ಮಾಡಲಿಲ್ಲ, ಮಾಡಿದ್ದರೆ ಮರೆ ಹಾಳಾಗುತ್ತಿತ್ತು. ನಟ್ ಬಿಚ್ಚದಂತೆ ತೂರಿಸಿ ಬಾಗಿಸುವ ಸ್ಪ್ಲಿಟ್ ಪಿನ್ನುಗಳಂತೂ ಕೆಟ್ಟವು. ಒಂದು ಬಾಗಿಸುವಾಗಲೇ ತುಂಡಾಯಿತು. ಸ್ಟೀರಿಂಗ್ ಕಳಚದಂತೆ ಹಿಡಿಯುವ ಕೊನೆಯ ಕಾವಲು ಅದು, ಅದರಲ್ಲೂ ಜಿಪುಣತನವೇ? ಎಲ್ಲ ಪಿನ್ನನ್ನೂ ಎಸೆದು ಬೇರೆ ಹಾಕಿದೆ. ಬಿಗಿ ಎಷ್ಟಿರಬೇಕು ಅನ್ನುವ ಒಂದು ಚೀಟಿಯೂ ಇಲ್ಲ, ಗಾಡಿಯ ವರ್ಕ್‌ಶಾಪ್ ಪುಸ್ತಕವೇ ಗತಿ.

ಬಿಚ್ಚುವ ಕೆಲಸದ ಬಗ್ಗೆ ಎರಡು ಮಾತು. ಟೈ ರಾಡಿನ ತುದಿ ಟೇಪರ್ ಆಗಿ, ಅಂದರೆ ಬರುಬರುತ್ತ ಸಣ್ಣಗಾಗುವ ಆಕಾರದಲ್ಲಿ, ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಕವಲು ಉಳಿಯಿಂದ ಹೊಡೆದರೆ ಬರುತ್ತದೆ, ಆದರೆ ಬೂಟ್ ಚಿಂದಿಯಾಗುತ್ತದೆ. ಹೇಗೂ ಎಸೆಯುವ ಭಾಗವಾದರೆ ಪರವಾಗಿಲ್ಲ. ನಾನು ನಟ್ಟನ್ನು ಕೆಲವು ಸುತ್ತು ಹಾಗೇ ಬಿಟ್ಟು, ಟೇಪರ್ ಕೂತಿರುವ ತೂತಿನ ಹೊರ ಪಕ್ಕಕ್ಕೆ ಸುತ್ತಿಗೆಯಿಂದ ಬಲವಾಗಿ ಬಾರಿಸಿದೆ. ಮೂರನೇ ಏಟಿಗೆ ಟಪ್ ಅಂತ ಬಿಟ್ಟಿತು. ಆ ಸದ್ದು ಕೇಳಿದರೆ ಬೆನ್ನುನೋವು ಮರೆತೇ ಹೋಗುತ್ತದೆ.

ಪಿಟ್‌ಮನ್ ಆರ್ಮ್ ಮಾತ್ರ ಬೇರೆ ಜಾತಿ. ಅಲ್ಲಿ ಸುತ್ತಿಗೆ ಮುಟ್ಟಲೇಬಾರದು, ಏಟು ನೇರವಾಗಿ ಸ್ಟೀರಿಂಗ್ ಬಾಕ್ಸಿನೊಳಗಿನ ಬೇರಿಂಗಿಗೆ ಬೀಳುತ್ತದೆ. ಅದಕ್ಕಾಗಿಯೇ ಇರುವ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಬೇಕು. ಅದು ಕಿಟ್‌ನಲ್ಲಿ ಇಲ್ಲ, ಮೊದಲೇ ಹೊಂದಿಸಿಕೊಳ್ಳಿ. ನನ್ನದು ತುಕ್ಕು ಹಿಡಿದು ಕೂತಿತ್ತು. ಪುಲ್ಲರ್ ಬಿಗಿದು, ತುಕ್ಕಿನ ಎಣ್ಣೆ ಹಾಕಿ, ಊಟ ಮುಗಿಸಿ ಬಂದೆ. ಬಂದು ಕಾಲು ಸುತ್ತು ಬಿಗಿದಾಗ ಗುಂಡಿನ ಸದ್ದಿನಂತೆ ಕಳಚಿತು. ನಟ್ ಪೂರ್ತಿ ತೆಗೆಯದೆ ತುದಿಯಲ್ಲಿ ಬಿಟ್ಟಿದ್ದಕ್ಕೆ ಆರ್ಮ್ ನನ್ನ ಕಾಲ ಮೇಲೆ ಬೀಳಲಿಲ್ಲ.

ಹೊಸ ಜೋಡಿಯನ್ನು ಹಳೆಯದರ ಪಕ್ಕ ನೆಲದ ಮೇಲಿಟ್ಟು, ಒಂದು ತುದಿಯ ಸ್ಟಡ್‌ನಿಂದ (ಜಾಯಿಂಟಿನ ಬೋಲ್ಟ್) ಇನ್ನೊಂದು ತುದಿಯ ಸ್ಟಡ್‌ಗೆ ಅಳತೆ ಸರಿ ಮಾಡಿಕೊಂಡೆ. ಹಳೇ ರಾಡ್ ಬಿಚ್ಚುವಾಗ ಸುತ್ತು ಎಣಿಸಿದರೆ ಸಾಕು ಅಂತಾರೆ, ನಾನು ನಂಬುವುದಿಲ್ಲ. ಹೊಸ ರಾಡಿನ ಉದ್ದ ಕೂದಲೆಳೆ ಬೇರೆಯಾದರೂ ಲೆಕ್ಕ ತಪ್ಪುತ್ತದೆ. ಕ್ಯಾಸಲ್ ನಟ್ (ಪಿನ್ ಕೂರಲು ತಲೆಯಲ್ಲಿ ಕಚ್ಚುಗಳಿರುವ ನಟ್) ಬಿಗಿದ ಮೇಲೆ ಪಿನ್ನಿನ ತೂತು ಸೇರದಿದ್ದರೆ ಮುಂದಕ್ಕೇ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. ಗ್ರೀಸ್ ತುಂಬುವುದು ಬೂಟ್ ಸ್ವಲ್ಪ ಉಬ್ಬುವವರೆಗೆ ಮಾತ್ರ. ಆಸೆಪಟ್ಟು ಜಾಸ್ತಿ ತುಂಬಿದರೆ ಬೂಟ್ ಒಡೆಯುತ್ತದೆ.

ಆಮೇಲೆ ಮುಂದಿನ ಎರಡೂ ಟೈರಿನ ಮೇಲೆ ಗೆರೆ ಎಳೆದು, ಗೆರೆಯಿಂದ ಗೆರೆಗೆ ಮುಂದೆ ಒಮ್ಮೆ, ಗಾಡಿ ತಳ್ಳಿ ಅದೇ ಗೆರೆ ಹಿಂದೆ ಬಂದಾಗ ಇನ್ನೊಮ್ಮೆ ಟೇಪ್ ಹಿಡಿದೆ. ಹಿಂದಿಗಿಂತ ಮುಂದೆ 9 ಮಿ.ಮೀ. ಹೆಚ್ಚು ಅಗಲ. ಎರಡೂ ಸ್ಲೀವ್ ಸಮಸಮ ತಿರುಗಿಸಿ ಹಿಂದಿಗಿಂತ ಮುಂದೆ 2 ಮಿ.ಮೀ. ಕಡಿಮೆಯಾಗುವಂತೆ ಒಳಗೆ ತಂದೆ. ಇದು ಅಲೈನ್‌ಮೆಂಟ್ ಮಾಡುವಲ್ಲಿಗೆ ಹೋಗಿ ಸೇರಲು ಮಾತ್ರ ಸಾಕು, ಮರುದಿನವೇ ಸರಿಯಾಗಿ ಮಾಡಿಸಿದೆ.

ಏಳು ತಿಂಗಳಲ್ಲಿ ಯಾವ ಜಾಯಿಂಟೂ ಲೂಸ್ ಆಗಿಲ್ಲ. ಒಂದು ಬೂಟಿನ ಅಂಚಲ್ಲಿ ಗ್ರೀಸ್ ಸ್ವಲ್ಪ ಜಿನುಗುತ್ತಿದೆ, ಅದು ನನ್ನ ಕೈ ತಪ್ಪೇ ಇರಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಆ ಪಿನ್ನುಗಳಿಗೆ. ಹಳೇ ಐಡ್ಲರ್ ಆರ್ಮ್ ಇನ್ನೂ ಎಸೆದಿಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಮನೆಗೆ ಬಂದವರಿಗೆಲ್ಲ ಮಗಳು ಆಡಿಸಿ ತೋರಿಸುತ್ತಾಳೆ.