ಬೇವಿನ ನೆರಳಿಗೆ ಕೋಲಿಯಸ್ಸೋ, ರಿಯೋನೋ?

ರಾಯಚೂರಿನ ನಮ್ಮ ಮನೆಯ ಉತ್ತರದ ಗೋಡೆಗೂ ಕಾಂಪೌಂಡಿಗೂ ನಡುವೆ 12 ಅಡಿ ಉದ್ದ, 3 ಅಡಿ ಅಗಲದ ಜಾಗ ಇದೆ. ಮೇಲೆ ಬೇವಿನ ಮರ. ಬೆಳಿಗ್ಗೆ ಒಂದು ತಾಸು ಎಳೆಬಿಸಿಲು ಬಿದ್ದರೆ ಪುಣ್ಯ. ಮಲ್ಲಿಗೆ ಹಚ್ಚಿದೆ. ಬಳ್ಳಿ ಉದ್ದ ಆಯ್ತು, ಮೊಗ್ಗು ಬರಲಿಲ್ಲ. ದಾಸವಾಳದ್ದೂ ಅದೇ ಕಥೆ. ಹೂವಿನ ಆಸೆ ಬಿಟ್ಟು ಎಲೆಯಲ್ಲೇ ಬಣ್ಣ ಹುಡುಕೋಣ ಅಂದುಕೊಂಡೆ.

ಮೊದಲು ತಂದದ್ದು ಕ್ರೋಟನ್. “ನೆರಳಾಗೂ ಬಣ್ಣ ಬರ್ತದ್ರಿ” ಅಂತ ನರ್ಸರಿಯವರು ಹೇಳಿದ್ದರು. ಮೂರು ತಿಂಗಳಲ್ಲಿ ಹೊಸ ಎಲೆಗಳೆಲ್ಲ ಬರೀ ಹಸಿರು. ಅದರ ಕೆಂಪು, ಹಳದಿಗೆ ಬಿಸಿಲು ಬೇಕೇ ಬೇಕು. ಕಿತ್ತು ಗೇಟಿನ ಹತ್ತಿರ ಹಚ್ಚಿದೆ, ಅಲ್ಲಿ ಮತ್ತೆ ಕೆಂಪು ಚಿಗುರು ಬಂತು.

ಆಮೇಲೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪಾತಿಯನ್ನೇ ಎರಡು ಭಾಗ ಮಾಡಿದೆ. ನಡುವೆ ಒಂದು ಶಹಾಬಾದ್ ಕಲ್ಲು. ನಮ್ಮದು ಕಪ್ಪು ಎರೆ ಮಣ್ಣು, ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಅದಕ್ಕೆ ಎರಡೂ ಕಡೆ ಅರ್ಧಕ್ಕರ್ಧ ಕೆಂಪು ಮಸಾರಿ ಮಣ್ಣು, ಕೊಟ್ಟಿಗೆ ಗೊಬ್ಬರ, ಸಿಂಧನೂರಿನ ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟು ಬೆರೆಸಿದೆ. ಎಡಕ್ಕೆ ಬಣ್ಣದ ರಾಣಿಯರು: ಕೋಲಿಯಸ್, ಕ್ಯಾಲೇಡಿಯಂ. ಬಲಕ್ಕೆ ಗಟ್ಟಿ ಜೀವಗಳು: ಎಲೆಯ ಕೆಳಮೈ ನೇರಳೆ ಇರುವ ರಿಯೋ, ಸ್ಪೈಡರ್ ಪ್ಲಾಂಟ್, ಹಿಂದೆ ಗೋಡೆಗೆ ಒತ್ತಿ ಸ್ನೇಕ್ ಪ್ಲಾಂಟ್.

ಮಳೆಗಾಲದಲ್ಲಿ ಪೈಪೋಟಿಯೇ ಇರಲಿಲ್ಲ. ಎಡಗಡೆ ಗೆದ್ದೇ ಬಿಟ್ಟಿತು. ಕೋಲಿಯಸ್ ಎಲೆ ಮುಟ್ಟಿದರೆ ಮಖಮಲ್ಲು. ನಡುವೆ ಮರೂನ್, ಅಂಚಿಗೆ ಕಸೂತಿ ಹಾಕಿದ ಹಾಗೆ ಗಿಳಿ ಹಸಿರು. ಹೂಗೊನೆ ಬಂದ ಕೂಡಲೇ ಚಿವುಟಬೇಕು, ಇಲ್ಲದಿದ್ದರೆ ಗಿಡ ಸೊರಗಿ ಉದ್ದ ಆಗುತ್ತದೆ. ಚಿವುಟಿದರೆ ಪಕ್ಕಕ್ಕೆ ಕವಲೊಡೆದು ಬುಟ್ಟಿಯಂತೆ ತುಂಬಿಕೊಳ್ಳುತ್ತದೆ. ನಮ್ಮ ದೊಡ್ಡಪತ್ರೆಯೂ ಇದೇ ಕುಲದ್ದು, ಅದಕ್ಕೇ ಕಾಂಡ ಎರಡರದ್ದೂ ಒಂದೇ ಥರ ಪಟ್ಟನೆ ಮುರಿಯುತ್ತದೆ. ಕ್ಯಾಲೇಡಿಯಂ ಕೆಸುವಿನ ಬಂಧು. ಬಿಳಿ ಎಲೆ, ಹಸಿರು ನರ. ಕಾಗದದಷ್ಟು ತೆಳು.

ಒಂದು ದಿನ ಸಂಜೆ ಏಳರ ಹೊತ್ತಿಗೆ ಕರೆಂಟ್ ಹೋಯಿತು. ಕಟ್ಟೆಯ ಮೇಲೆ ಸುಮ್ನೆ ಕೂತಿದ್ದೆ. ಆಗ ಕಂಡಿತು ನೋಡಿ. ಮರೂನ್ ಕೋಲಿಯಸ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ, ಎರೆ ಮಣ್ಣಿನಲ್ಲಿ ಕರಗಿಹೋಗಿತ್ತು. ನೇರಳೆ ಬಣ್ಣದ ರಿಯೋ ಕೂಡ ಹಾಗೇ. ಕಣ್ಣಿಗೆ ಬೀಳುತ್ತಿದ್ದದ್ದು ಎರಡೇ: ಬಿಳಿ ಕ್ಯಾಲೇಡಿಯಂ, ಬಿಳಿ ಗೆರೆಯ ಸ್ಪೈಡರ್. ನೆರಳಲ್ಲಿ ಗಾಢ ಬಣ್ಣ ಹಚ್ಚಿ ದುಡ್ಡು ಕಳೆದುಕೊಂಡೆ ಅನ್ನಿಸಿತು. ಮರುದಿನ ಒಂದಷ್ಟು ಕೋಲಿಯಸ್ ಕಿತ್ತು ಜಾಗ ಬದಲಿಸಿದೆ. ಮರೂನ್ ಕೋಲಿಯಸ್ ಹಿಂದೆ ಗಿಳಿ ಹಸಿರಿನದ್ದು, ರಿಯೋ ಪಕ್ಕಕ್ಕೇ ಸ್ಪೈಡರ್. ಬಿಳಿಯ ಪಕ್ಕ ಬಂದ ಮೇಲೆ ನೇರಳೆಗೂ ಒಂದು ಬೆಲೆ ಬಂತು.

ಈ ನಡುವೆ ಫರ್ನ್ ಕೂಡ ತಂದಿದ್ದೆ. ನಮ್ಮ ಒಣ ಗಾಳಿಗೆ ದೀಪಾವಳಿಯ ಹೊತ್ತಿಗೆ ಪೊರಕೆ ಆಯಿತು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಚಳಿಗಾಲಕ್ಕೆ ಕ್ಯಾಲೇಡಿಯಂ ಎಲೆ ಹಳದಿಯಾಗಿ ಬಿದ್ದುಹೋಯಿತು. ಸತ್ತಿಲ್ಲ, ಗಡ್ಡೆ ಮಲಗಿರುತ್ತದೆ. ಆದರೆ ಪಾತಿಯಲ್ಲಿ ಬೋಳು ಜಾಗ ಉಳಿಯಿತಲ್ವಾ? ನಮ್ಮ ಅತ್ತೆ ದಿನಾ ಅದನ್ನೇ ನೋಡಿ, “ಹೂವಿಲ್ಲ, ಈಗ ಎಲಿನೂ ಇಲ್ಲ. ಬರೀ ಮಣ್ಣಿಗೆ ಯಾಕ ನೀರು ಹೊಯ್ತಿ ಯವ್ವಾ?” ಅನ್ನುತ್ತಿದ್ದರು. ಅವರ ಮಾತು ಸರಿ ಇತ್ತು. ಮಲಗಿದ ಗಡ್ಡೆಗೆ ನೀರು ಹಾಕಿದರೆ ಕೊಳೆಯುತ್ತದೆ.

ನಿಜವಾದ ಪರೀಕ್ಷೆ ಬೇಸಿಗೆಯದ್ದು. ಫೆಬ್ರವರಿ, ಮಾರ್ಚ್‌ನಲ್ಲಿ ಬೇವು ಎಲೆ ಉದುರಿಸಿ ನೆರಳು ತೆಳುವಾಯಿತು. ಚಿಗುರಿದ ಮೇಲೆ ಪರವಾಗಿಲ್ಲ ಅಂದುಕೊಂಡರೆ ಮೇ ತಿಂಗಳು ಬಂತು. ಉತ್ತರದ ಗೋಡೆಯ ಬುಡ ಅಂದರೆ ವರ್ಷಪೂರ್ತಿ ನೆರಳು ಅಂತ ನಂಬಿದ್ದೆ. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮ ಊರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಕೊಂಬೆಗಳ ಸಂದಿಯಿಂದ ಬಿಸಿಲಿನ ತುಂಡುಗಳು ನೇರ ಪಾತಿಗೇ ಬಿದ್ದವು. 42 ಡಿಗ್ರಿ, ಮೇಲೆ ಬಿಸಿಗಾಳಿ.

ಹನ್ನೊಂದು ಗಂಟೆಗೇ ಕೋಲಿಯಸ್ ಮುಖ ಇಳಿಬಿಡುತ್ತಿತ್ತು. ನೀರು ಹಾಕಿದರೆ ಸಂಜೆಗೆ ಏನೂ ಆಗದವರ ಹಾಗೆ ಎದ್ದು ನಿಲ್ಲುತ್ತಿತ್ತು. ಮದುವೆಗೆಂದು ಎರಡು ದಿನ ಕೊಪ್ಪಳಕ್ಕೆ ಹೋಗಿ ಬಂದೆ, ಅಷ್ಟರಲ್ಲಿ ಒಂಬತ್ತರಲ್ಲಿ ಆರು ಗಿಡ ಒಣಗಿದ್ದವು. ಏಪ್ರಿಲ್‌ನಲ್ಲಿ ಎದ್ದಿದ್ದ ಕ್ಯಾಲೇಡಿಯಂ ಎಲೆಗಳ ಅಂಚು ಸುಟ್ಟ ಹಪ್ಪಳ. ರಿಯೋ ಮಾತ್ರ ಎಲೆ ಸ್ವಲ್ಪ ಮಡಚಿಕೊಂಡು ಕೂತಿತ್ತು. ಮಡಚಿದಾಗ ಕೆಳಗಿನ ನೇರಳೆ ಮೈ ಇನ್ನೂ ಚೆನ್ನಾಗಿ ಕಾಣುತ್ತದೆ, ಅದು ಬೇರೆ ಮಾತು. ಸ್ನೇಕ್ ಪ್ಲಾಂಟಿಗೆ ಬೇಸಿಗೆ ಬಂದದ್ದೇ ಗೊತ್ತಿಲ್ಲ.

ಬಲಗಡೆಯಲ್ಲೂ ಹುಳುಕಿತ್ತು. ಸ್ಪೈಡರ್ ಎಲೆಗಳ ತುದಿ ಕಂದಾಗುತ್ತಾ ಬಂತು. ಬಿಸಿಲು ಅಂದುಕೊಂಡೆ, ತಪ್ಪು ನೀರಿನದ್ದು. ಬೋರ್‌ವೆಲ್‌ನ ಸವುಳು ನೀರು ಸಾಲದು ಅನ್ನೋ ಹಾಗೆ, ವ್ಯರ್ಥ ಆಗಬಾರದೆಂದು ಕುಡಿಯುವ ನೀರು ಸೋಸುವ ಆರ್‌ಓ ಯಂತ್ರ ಹೊರಬಿಡುವ ನೀರನ್ನೂ ಇದೇ ಪಾತಿಗೆ ಹಾಕುತ್ತಿದ್ದೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಮಣ್ಣಿನ ಮೇಲೆ ಬಿಳಿ ಹೊದಿಕೆ ಬಂದಾಗ ಬುದ್ಧಿ ಬಂತು. ಈಗ ಎಸಿ ಪೈಪಿನ ಕೆಳಗೆ ಬಕೆಟ್ ಇಟ್ಟಿದ್ದೇನೆ. ಆ ನೀರಿನಲ್ಲಿ ಉಪ್ಪಿನಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿಯೆಲ್ಲ ಎಸಿ ಓಡಿದರೆ ಬೆಳಿಗ್ಗೆ ಸ್ಪೈಡರ್ ಸಾಲಿಗೆ ಸಾಕಾಗುವಷ್ಟು ಸಿಗುತ್ತದೆ. ಹೊಸ ಎಲೆಗಳ ತುದಿ ಹಸಿರಾಗಿಯೇ ಬರುತ್ತಿದೆ.

ಈಗ ನಡುವಿನ ಕಲ್ಲು ತೆಗೆದಿದ್ದೇನೆ. ರಿಯೋ, ಸ್ಪೈಡರ್, ಸ್ನೇಕ್ ಪ್ಲಾಂಟ್ ಪಾತಿಯ ತುಂಬ ಹಬ್ಬಿವೆ. ಮೇನಲ್ಲಿ ಊರು ಬಿಟ್ಟು ಹೋಗುವವರಿಗೆ ನಾನು ಹೇಳುವುದೂ ಇವನ್ನೇ. ಕ್ಯಾಲೇಡಿಯಂ ಕುಂಡಕ್ಕೆ ಹೋಗಿದೆ. ಎಲೆ ಇದ್ದಾಗ ಪಾತಿಯ ನಡುವೆ, ಮಲಗಿದಾಗ ಮೆಟ್ಟಿಲ ಕೆಳಗೆ. ಕೋಲಿಯಸ್ ಬಿಡಲು ಮನಸ್ಸಾಗಲಿಲ್ಲ. ಉಳಿದ ಮೂರು ಗಿಡದ ತುದಿ ಮುರಿದು ಅಡುಗೆಮನೆ ಕಿಟಕಿಯಲ್ಲಿ ಲೋಟದ ನೀರಿಗೆ ಹಾಕಿದ್ದೆ. ವಾರದಲ್ಲಿ ಬಿಳಿ ಬೇರು ಇಳಿದಿದೆ. ನಿನ್ನೆ ಅತ್ತೆಯೇ ಕೇಳಿದರು, “ಮಳಿ ಬಂತಲ್ಲ, ಇವನ್ನ ಯಾವಾಗ ಹಚ್ತಿ?”