ಹಂಪನಕಟ್ಟೆಯಲ್ಲಿ 30 ರೂಪಾಯಿ ಚೀಟಿ, ಮನೆಯಲ್ಲಿ 46 ಸಾವಿರ ಪಂಗನಾಮ

ಮಂಗಳೂರು ಪೇಟೆಗೆ ಕಾರು ತರುವವರು, ಅದರಲ್ಲೂ ಹಂಪನಕಟ್ಟೆ ಕಡೆ ಬರುವವರು, ಇದನ್ನೊಮ್ಮೆ ಓದಿ. ನಾಚಿಕೆಯ ವಿಷಯ, ಬರೆಯುವುದೋ ಬೇಡವೋ ಅಂತ ಎರಡು ವಾರ ಸುಮ್ನೆ ಕೂತಿದ್ದೆ. ಮೊನ್ನೆ ನಮ್ಮ ಆಫೀಸಿನ ಇನ್ನೊಬ್ಬರಿಗೆ, ನನ್ನ ದುಡ್ಡು ನುಂಗಿದಂಥದ್ದೇ ನಕಲಿ ಚಲನ್ (ಟ್ರಾಫಿಕ್ ದಂಡದ ನೋಟಿಸು) ಮೆಸೇಜ್ ಬಂತು. ಒತ್ತುವ ಮೊದಲು ನನಗೆ ತೋರಿಸಿದರು, ಬಚಾವಾದರು. ಹಾಗಾಗಿ ಮರ್ಯಾದೆ ಹೋದರೆ ಹೋಗಲಿ ಅಂತ ಬರೆಯುತ್ತಿದ್ದೇನೆ.

ನಾನು ಲೆಕ್ಕಪತ್ರದ ಕೆಲಸದವನು. ಬೆಳಗ್ಗಿನಿಂದ ಸಂಜೆವರೆಗೆ ಬೇರೆಯವರ ಬಿಲ್ಲು, ವೋಚರು ನೋಡುವುದೇ ಉದ್ಯೋಗ. ತಾರೀಕು ಇಲ್ಲದ ಬಿಲ್ಲು, ಸೀಲ್ ಇಲ್ಲದ ರಸೀದಿ ಬಂದರೆ ವಾಪಸ್ ಕಳಿಸುತ್ತೇನೆ, ಬೈಗುಳವನ್ನೂ ತಿನ್ನುತ್ತೇನೆ. ಇದನ್ನು ಈಗಲೇ ಹೇಳಿಬಿಟ್ಟರೆ ಮುಂದಿನದ್ದು ಓದುವಾಗ ನಿಮಗೂ ಸ್ವಲ್ಪ ನಗು ಬಂದೀತು.

ಜುಲೈ ಕೊನೆಯ ಬುಧವಾರ. ಅತ್ತೆಗೆ ಕನ್ನಡಕ ಮಾಡಿಸಬೇಕಿತ್ತು. ಸುರತ್ಕಲ್‌ನಿಂದ ಹೊರಟು ಕೊಟ್ಟಾರ ಚೌಕಿ, ಲೇಡಿಹಿಲ್, ಲಾಲ್‌ಬಾಗ್ ದಾಟಿ ಬರುವಾಗ ಮಳೆ ಎಂದರೆ ಎಂಥ ಮಳೆ, ವೈಪರ್ ಸೋತು ಹೋಗಿತ್ತು. ಅತ್ತೆಗೆ ಮಂಡಿ ನೋವು. ಜಾಸ್ತಿ ನಡೆಸುವ ಹಾಗಿಲ್ಲ. ಅಂಗಡಿಯ ಹತ್ತಿರವೇ ಕಾರು ನಿಲ್ಲಿಸಬೇಕು ಅಂತ ಎರಡು ಸುತ್ತು ಹೊಡೆದೆ. ಒನ್ ವೇ ಊರಲ್ಲಿ ಒಂದು ತಿರುವು ತಪ್ಪಿದರೆ ಮತ್ತೆ ಅದೇ ಜಾಗಕ್ಕೆ ಬರಲು ಕಾಲು ಗಂಟೆ ಬೇಕು, ಗೊತ್ತಲ್ವಾ.

ಹಂಪನಕಟ್ಟೆಯ ಪಾಡು ಬಲ್ಲವರಿಗೆ ಗೊತ್ತು. ಹಳೆ ಬಸ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಆಗುತ್ತದೆ ಅಂತ ವರ್ಷಗಟ್ಟಲೆ ಕೇಳಿಕೊಂಡೇ ಬಂದೆವು. ಎಷ್ಟೋ ಕಟ್ಟಡಗಳ ನೆಲಮಾಳಿಗೆ ನಕ್ಷೆಯಲ್ಲಿ ಪಾರ್ಕಿಂಗ್, ಇಳಿದು ನೋಡಿದರೆ ಅಂಗಡಿ ಅಥವಾ ಗೋದಾಮು. ಗಿರಾಕಿಯ ಕಾರು ರಸ್ತೆಗೆ ಬೀಳದೆ ಇನ್ನೆಲ್ಲಿಗೆ ಹೋಗಬೇಕು? ಇಂಥ ಕಡೆ ಯಾರಾದರೂ ಕೈ ಬೀಸಿ ಕರೆದರೆ ದೇವರೇ ಸಿಕ್ಕಿದ ಹಾಗೆ.

ನನಗೆ ಸಿಕ್ಕ ದೇವರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದ. ಬಾಯಲ್ಲಿ ಸೀಟಿ, ಕೈಯಲ್ಲಿ ಚೀಟಿ ಪುಸ್ತಕ, ತಲೆಗೆ ಪ್ಲಾಸ್ಟಿಕ್ ಚೀಲ. "ಬನ್ನಿ ಬನ್ನಿ, ಹಿಂದೆ ಬನ್ನಿ, ರೈಟ್ ತಿರುಗಿಸಿ" ಅಂತ ಕಾರಿನ ಹಿಂಬದಿ ತಟ್ಟಿ ತಟ್ಟಿ ನಿಲ್ಲಿಸಿದ.

"ಇಲ್ಲಿ ಇಡಬಹುದಾ? ಪೊಲೀಸರು ಬರುವುದಿಲ್ವಾ?" ಅಂತ ಕೇಳಿದೆ. ಕೇಳಲಿಲ್ಲ ಅಂತ ಯಾರೂ ಹೇಳಬೇಡಿ.

"ಎಂತ ಇಲ್ಲ ಮಾರ್ರೆ, ನಾವು ಇದ್ದೇವಲ್ಲ. ಮೂವತ್ತು ಕೊಡಿ."

ಕೊಟ್ಟೆ. ಚೀಟಿ ಹರಿದು ಕೊಟ್ಟ. ಅದು ಈಗಲೂ ನನ್ನ ಹತ್ತಿರ ಉಂಟು. ಗುಲಾಬಿ ಕಾಗದ, ಬಸ್ ಟಿಕೆಟಿನಷ್ಟೇ ದೊಡ್ಡದು. ಮೇಲೆ "ವಾಹನ ಶುಲ್ಕ", ಅದರ ಕೆಳಗೆ "ರೂ. 30", ಮೂಲೆಯಲ್ಲಿ ಒಂದು ನಂಬರು. ತಳದಲ್ಲಿ ಸಣ್ಣ ಅಕ್ಷರದಲ್ಲಿ "ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು". ತಾರೀಕು ಇಲ್ಲ. ಸಮಯ ಇಲ್ಲ. ಕಾರಿನ ನಂಬರು ಇಲ್ಲ. ಯಾರು ವಸೂಲು ಮಾಡುತ್ತಿದ್ದಾರೆ, ಯಾರು ಅನುಮತಿ ಕೊಟ್ಟರು ಅಂತ ಒಂದು ಗೆರೆಯೂ ಇಲ್ಲ. ಆಫೀಸಿನಲ್ಲಿ ಇಂಥದ್ದು ಮೇಜಿನ ಮೇಲೆ ಬಂದರೆ ಎಸೆಯುತ್ತಿದ್ದೆ. ಮಳೆಯಲ್ಲಿ ಕಿಸೆಗೆ ಹಾಕಿಕೊಂಡೆ.

ಐವತ್ತು ನಿಮಿಷ ಬಿಟ್ಟು ಬಂದರೆ ಮುಂದಿನ ಚಕ್ರಕ್ಕೆ ಹಳದಿ ಲಾಕ್ ಬಿದ್ದಿದೆ. ಗಾಜಿಗೆ ಒದ್ದೆಯಾದ ಸ್ಟಿಕ್ಕರ್, ಅದರಲ್ಲಿ ಫೋನ್ ನಂಬರು. ಜಾಕೆಟಿನವ ಮಾಯ. ಅತ್ತೆಯನ್ನು ವಾಪಸ್ ಅಂಗಡಿಯಲ್ಲೇ ಕೂರಿಸಿ, ಕೊಡೆ ಹಿಡಿದು ನಲವತ್ತು ನಿಮಿಷ ಕಾದೆ. ಟ್ರಾಫಿಕ್ ಪೊಲೀಸರು ಬಂದರು. ನಾನು ದೊಡ್ಡ ಸಾಕ್ಷಿಯ ಹಾಗೆ ಚೀಟಿ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಯಾರು ಕೊಟ್ಟದ್ದು ಸರ್? ಇಲ್ಲಿ ದುಡ್ಡು ಕೊಟ್ಟು ನಿಲ್ಲಿಸುವ ಪಾರ್ಕಿಂಗೇ ಇಲ್ಲ. ಬೋರ್ಡು ನೋಡಲಿಲ್ವಾ?" ಅಂದರು.

ಬೋರ್ಡು ಇತ್ತು. "ಆಟಿಡೊಂಜಿ ದಿನ" ಕಾರ್ಯಕ್ರಮದ ಫ್ಲೆಕ್ಸಿನ ಹಿಂದೆ ಇತ್ತು. ಕೆಂಪು ವೃತ್ತದ ಅಂಚು ಮಾತ್ರ ಚಂದ್ರನ ಹಾಗೆ ಕಾಣುತ್ತಿತ್ತು. ವಾದ ಮಾಡಬಹುದಿತ್ತು. ಆದರೆ ಅಲ್ಲೇ ಮುಂದೆ ಇನ್ನೊಂದು ಬೋರ್ಡು ಯಾವ ಫ್ಲೆಕ್ಸೂ ಇಲ್ಲದೆ ನೆಟ್ಟಗೆ ನಿಂತಿತ್ತು. ದಂಡ ಕಟ್ಟಿದೆ, ಮೆಷಿನ್ನಿನಿಂದ ಬಂದ ರಸೀದಿ ತೆಗೆದುಕೊಂಡೆ. ಪೊಲೀಸರು ಮಾಡಿದ್ದು ಸರಿಯೇ.

ಮನೆಗೆ ಬಂದು ಕೋಪದಲ್ಲಿ ಕಾನೂನು ಹುಡುಕಿದೆ. ಲಾಕ್ ಹಾಕುವ ಅಧಿಕಾರ ಇವರಿಗೆ ಎಲ್ಲಿಂದ ಬಂತು ಅಂತ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿ ಉಂಟು: ನಿಷೇಧ ಇರುವ ಕಡೆ ನಿಲ್ಲಿಸಿದ ಗಾಡಿಯನ್ನು ಎಳೆದುಕೊಂಡು ಹೋಗಬಹುದು, ಚಕ್ರಕ್ಕೆ ಲಾಕ್ ಹಾಕಬಹುದು, ಅದಕ್ಕೆ ಅನುಮತಿ ಕೊಡಬೇಕಾದ್ದು ಯೂನಿಫಾರ್ಮ್‌ನಲ್ಲಿರುವ ಪೊಲೀಸ್ ಅಧಿಕಾರಿ. ಎಲ್ಲಿ ಪಾರ್ಕಿಂಗ್ ಅಂತ ಗೊತ್ತು ಮಾಡುವುದು 117ನೇ ಸೆಕ್ಷನ್. ಸರ್ಕಾರ ಅಥವಾ ಸರ್ಕಾರ ಅಧಿಕಾರ ಕೊಟ್ಟವರು ಆ ಊರಿನ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಜಾಗ ಗುರುತಿಸಬೇಕು. ಇದರಲ್ಲಿ ಜಾಕೆಟ್ ಹಾಕಿದವನ ಮಾತು ಎಲ್ಲೂ ಬರುವುದಿಲ್ಲ. "ನಮ್ಮ ಅಂಗಡಿ ಮುಂದೆಯೇ ಇಡಿ, ನಾನು ನೋಡಿಕೊಳ್ಳುತ್ತೇನೆ" ಅನ್ನುವ ಅಂಗಡಿಯವರ ಮಾತೂ ಬರುವುದಿಲ್ಲ. ನಿಜವಾಗಿ ಗುತ್ತಿಗೆ ಕೊಟ್ಟ ಜಾಗವಾದರೆ ದರದ ಬೋರ್ಡು ಎಲ್ಲಿ ಅಂತ ಕೇಳಿ, ಚೀಟಿಯಲ್ಲಿ ಗಾಡಿ ನಂಬರು, ತಾರೀಕು, ಗಂಟೆ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಹೊರಡಿ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ದಂಡ ಹೋದರೆ ಹೋಯಿತು.

ಶನಿವಾರ ರಾತ್ರಿ ಒಂಬತ್ತು ಗಂಟೆ ದಾಟಿತ್ತು. ಗಂಜಿ ಊಟಕ್ಕೆ ಕೂತಿದ್ದೆ. ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಸಾರಿಗೆ ಇಲಾಖೆಯದ್ದೇ ಅನ್ನಿಸುವ ಚಿತ್ರ, ನನ್ನ ಕಾರಿನ ಕೆಎ 19 ನಂಬರು ಸರಿಯಾಗಿ, ಒಂದು ಉದ್ದದ ಚಲನ್ ಸಂಖ್ಯೆ. "ನಿಮ್ಮ ವಾಹನವು ಸಂಚಾರ ನಿಯಮ ಉಲ್ಲಂಘಿಸಿದೆ. ಇವತ್ತೇ ಕಟ್ಟಿದರೆ ಅರ್ಧ ದಂಡ. ವಿವರಕ್ಕೆ ಕೆಳಗಿನ ಆ್ಯಪ್ ಹಾಕಿಕೊಳ್ಳಿ." ಕೆಳಗೆ ಒಂದು ಫೈಲು, ಹೆಸರು ಆರ್‌ಟಿಒ ಚಲನ್, ಕೊನೆಯಲ್ಲಿ ಡಾಟ್ ಎಪಿಕೆ, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು.

ಬೇರೆ ದಿನ ಬಂದಿದ್ದರೆ ಅಳಿಸಿ ಹಾಕುತ್ತಿದ್ದೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನದು ಅದೇ ಕಥೆ. ಮೂರು ದಿನದ ಹಿಂದೆ ತಪ್ಪು ಮಾಡಿದ್ದೆ. ಅವತ್ತು ಕಟ್ಟಿದ್ದು ಲಾಕ್ ತೆಗೆಯುವ ಶುಲ್ಕ ಇರಬೇಕು, ನಿಜವಾದ ಚಲನ್ ಈಗ ಬಂದಿದೆ ಅಂತ ನಾನೇ ಕಥೆ ಕಟ್ಟಿಕೊಂಡೆ. ರಸೀದಿ ಕಾರಿನಲ್ಲೇ ಇತ್ತು. ಇಳಿದು ಹೋಗಿ ನೋಡಿದ್ದರೆ ಸಾಕಿತ್ತು. ಮಳೆ ಅಂತ ಸೋಮಾರಿತನ. ಇನ್ನು ಅರ್ಧ ದಂಡದ ಆಮಿಷ: ನಮ್ಮ ಸರ್ಕಾರ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬಾಕಿ ಚಲನ್‌ಗಳಿಗೆ ನಿಜವಾಗಿಯೂ ಅರ್ಧ ರಿಯಾಯಿತಿ ಕೊಟ್ಟಿತ್ತು. ಹಾಗಾಗಿ ಅದೂ ಸುಳ್ಳು ಅನ್ನಿಸಲಿಲ್ಲ. ಕಳ್ಳರು ನಮ್ಮ ಪೇಪರನ್ನು ನಮಗಿಂತ ಚೆನ್ನಾಗಿ ಓದುತ್ತಾರೆ.

ಫೈಲು ಒತ್ತಿದೆ. ಇದು ಹಾನಿಕರ ಇರಬಹುದು ಅಂತ ಫೋನ್ ಎಚ್ಚರಿಸಿತು. ಆದರೂ ಹಾಕು ಅಂದೆ. ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪ್ ಅಂತ ಇನ್ನೊಮ್ಮೆ ತಡೆಯಿತು. ಅದನ್ನೂ ದಾಟಿದೆ. ಮೆಸೇಜ್ ಓದಲು ಅನುಮತಿ ಕೊಡಿ ಅಂತ ಕೇಳಿತು. ಚಲನ್ ತೋರಿಸುವ ಆ್ಯಪಿಗೆ ನನ್ನ ಎಸ್‌ಎಂಎಸ್ ಯಾಕೆ? ಆ ಪ್ರಶ್ನೆ ತಲೆಗೆ ಬರಲೇ ಇಲ್ಲ. ಕೊಟ್ಟೆ. ಪರದೆ ಬಿಳಿಯಾಗಿ ಒಂದು ಚಕ್ರ ತಿರುಗುತ್ತಾ ನಿಂತಿತು. ಸರ್ವರ್ ಬ್ಯುಸಿ ಅಂದುಕೊಂಡು ಫೋನ್ ಬದಿಗಿಟ್ಟು ಗಂಜಿ ಉಂಡೆ. ಸರ್ಕಾರಿ ಆ್ಯಪ್ ಅಲ್ವಾ, ತಿರುಗುತ್ತಾ ನಿಂತದ್ದೇ ನಂಬಿಕೆ ಜಾಸ್ತಿ ಮಾಡಿತು!

ಬೆಳಗ್ಗೆ ಐದೂವರೆಗೆ ಗೆಳೆಯನ ಫೋನ್. "ದಾನೆ ಮಾರಾಯ, ನನಗೂ ಚಲನ್ ಕಳಿಸಿದ್ದೀಯಲ್ಲ? ನನ್ನ ಹತ್ತಿರ ಇರುವುದು ಸೈಕಲ್." ನೋಡಿದರೆ ನನ್ನ ವಾಟ್ಸಾಪ್‌ನಿಂದ ಅದೇ ಫೈಲು ಎಲ್ಲರಿಗೂ ಹೋಗಿದೆ. ಯಕ್ಷಗಾನ ಬಳಗದ ಗ್ರೂಪಿಗೆ, ಭಜನಾ ಮಂಡಳಿಗೆ, ಮಗಳ ಟೀಚರಿಗೆ, ನಮ್ಮ ಮ್ಯಾನೇಜರಿಗೆ. ಆಮೇಲೆ ಬ್ಯಾಂಕ್ ಖಾತೆ ತೆರೆದೆ. ರಾತ್ರಿ ಎರಡು ಗಂಟೆಯಿಂದ ಮೂರರ ಒಳಗೆ ನಾಲ್ಕು ಸಲ ದುಡ್ಡು ಹೋಗಿದೆ, ಒಟ್ಟು 46,000. ಒಟಿಪಿ ಬಂದದ್ದೂ ನನಗೆ ಕಾಣಲಿಲ್ಲ. ಮೆಸೇಜ್ ಓದುವ ಬಾಗಿಲನ್ನು ನಾನೇ ತೆರೆದಿಟ್ಟಿದ್ದೆ, ಆ ಕಡೆಯವರು ಓದಿಕೊಂಡರು.

ಆಗ ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಬೇಕು. ಗಾಬರಿಯಲ್ಲಿ ಆ ಆ್ಯಪ್ ತೆಗೆಯಲು ಹೆಣಗಾಡುತ್ತಾ ಅರ್ಧ ಗಂಟೆ ಕಳೆದೆ. ಅದರ ಗುರುತೇ ಪರದೆಯಲ್ಲಿ ಇರಲಿಲ್ಲ, ಅಡಗಿ ಕೂತಿತ್ತು. ಮೊದಲು ಮಾಡಬೇಕಾದ್ದು ಅದಲ್ಲ. ಇಂಟರ್ನೆಟ್ ಬಂದ್ ಮಾಡಿ, ಸಿಮ್ ತೆಗೆದು, ಮನೆಯ ಬೇರೆಯವರ ಫೋನಿನಿಂದ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ. ಜೊತೆಗೇ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಬೇಕು. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ, ದಾಟುವ ಮೊದಲು ತಡೆದರೆ ಮಾತ್ರ ಉಳಿಯುವುದು. ನನ್ನ ಹೆಂಡತಿಯ ಫೋನಿನಿಂದ ಕೊನೆಗೂ ಮಾಡಿದೆವು. ಕೊನೆಯ ಸಲ ಹೋದ 12,000 ಒಂದು ಖಾತೆಯಲ್ಲೇ ತಡೆದು ನಿಂತಿತು. ಮಿಕ್ಕ 34,000 ದಾಟಿ ಆಗಿತ್ತು. ಸೈಬರ್ ಠಾಣೆಗೂ ಹೋಗಿ ದೂರು ಬರೆಸಿದೆ. ಮೆಸೇಜಿನ ಸ್ಕ್ರೀನ್‌ಶಾಟ್ ಕೇಳಿದರು. ಹಾಗಾಗಿ ಎಲ್ಲ ಅಳಿಸುವ ಮೊದಲು ಬೇರೆ ಫೋನಿನಿಂದ ಫೋಟೋ ತೆಗೆದಿಡಿ. ಫೋನನ್ನು ಪೂರ್ತಿ ರೀಸೆಟ್ ಮಾಡಿದ್ದು ಅದಾದ ಮೇಲೆ.

ದುಡ್ಡು ಹೋದದ್ದಕ್ಕೆ ಬ್ಯಾಂಕ್ ಜವಾಬ್ದಾರಿ ಇಲ್ವಾ ಅಂತ ಸುಮಾರು ಜನ ಕೇಳಿದರು. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ಹೇಳಿದ್ದು ಇದು. ಗಿರಾಕಿಯದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಬೇರೆ ಎಲ್ಲಿಂದಲೋ ವಂಚನೆ ಆದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ಗಿರಾಕಿಯ ಅಜಾಗ್ರತೆಯಿಂದ ಹೋದದ್ದಾದರೆ, ತಿಳಿಸುವವರೆಗಿನ ನಷ್ಟ ಅವರದ್ದೇ. ನಾನು ಯಾವ ಕಡೆ ಅಂತ ನೀವೇ ಹೇಳಿ. ಫೋನ್ ಎರಡು ಸಲ ಬೇಡ ಅಂದಿತ್ತಲ್ಲ.

ನಿಜವಾದ ಚಲನ್ ಹೇಗಿರುತ್ತದೆ ಅಂತ ಈಗ ಬಾಯಿಪಾಠ ಆಗಿದೆ. ಕ್ಯಾಮೆರಾ ಹಿಡಿದ ತಪ್ಪಿಗೆ ನೋಟಿಸು ಹೇಗೆ ಕೊಡಬೇಕು ಅಂತ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ನಿಯಮ ಮಾಡಿತು. ತಪ್ಪು ನಡೆದ 15 ದಿನದೊಳಗೆ ನೋಟಿಸು ಬರಬೇಕು ಅಂತ ಆ ನಿಯಮದಲ್ಲಿ ಇತ್ತು. ಗಾಡಿಯ ನಂಬರು ಕಾಣುವ ಫೋಟೋ ಬೇಕು, ತಾರೀಕು, ಸಮಯ, ಜಾಗ ಬೇಕು. ನನಗೆ ಬಂದದ್ದರಲ್ಲಿ ಏನು ತಪ್ಪು ಅಂತಲೇ ಇರಲಿಲ್ಲ, "ನಿಯಮ ಉಲ್ಲಂಘನೆ" ಅಂತ ಮಾತ್ರ. ಸಹೋದ್ಯೋಗಿಗೆ ಬಂದದ್ದು ವೇಗದ ಮೇಲೆ, ಪೇಟೆಯೊಳಗೆ 72ರಲ್ಲಿ ಹೋದಿರಿ ಅಂತ. 2018ರ ಏಪ್ರಿಲ್‌ನ ಕೇಂದ್ರದ ಅಧಿಸೂಚನೆ ಪ್ರಕಾರ ಪಾಲಿಕೆ, ಪುರಸಭೆ ಗಡಿಯೊಳಗೆ ಕಾರಿಗೆ 70, ಬೈಕಿಗೆ 60, ಆಟೋಗೆ 50 ಗರಿಷ್ಠ. ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಬೋರ್ಡೇ ಲೆಕ್ಕ. ಹಂಪನಕಟ್ಟೆಯಲ್ಲಿ ಸಂಜೆ ಹೊತ್ತು 72? ನಡೆದು ಹೋಗುವವರೇ ನಮ್ಮನ್ನು ಹಿಂದೆ ಹಾಕುತ್ತಾರೆ.

ಸಂಶಯ ಬಂದರೆ ಮೆಸೇಜಿನಲ್ಲಿರುವ ಯಾವುದನ್ನೂ ಮುಟ್ಟಬೇಡಿ. ಸಾರಿಗೆಯ ಸರ್ಕಾರಿ ಜಾಲತಾಣ ಪರಿವಾಹನ್‌ನ ಇ-ಚಲನ್ ಪುಟವನ್ನು ನೀವೇ ಟೈಪ್ ಮಾಡಿ ತೆರೆಯಿರಿ. ವಿಳಾಸ ಡಾಟ್ ಗವ್ ಡಾಟ್ ಇನ್ ಅಂತಲೇ ಮುಗಿಯಬೇಕು. ಗಾಡಿ ನಂಬರು ಹಾಕಿದರೆ ಬಾಕಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅದೂ ಬೇಡ ಅನ್ನಿಸಿದರೆ ಹತ್ತಿರದ ಟ್ರಾಫಿಕ್ ಠಾಣೆಗೆ ಹೋಗಿ ಕೇಳಿ. ವಾಟ್ಸಾಪ್‌ನಲ್ಲಿ ಎಪಿಕೆ ಫೈಲಾಗಿ ಬಂದದ್ದು ಚಲನ್ ಅಲ್ಲ. ಕಳಿಸಿದವ ನಿಮ್ಮ ಸ್ವಂತ ಭಾವನೇ ಆಗಿದ್ದರೂ ಅಲ್ಲ, ಯಾಕೆಂದರೆ ಅವನ ಫೋನೂ ನನ್ನದರ ಹಾಗೆ ಆಗಿರಬಹುದು.

ಕಳೆದ ಭಾನುವಾರ ಅತ್ತೆಯ ಕನ್ನಡಕ ತರಲು ಒಬ್ಬನೇ ಹೋಗಿದ್ದೆ, ಬಸ್ಸಿನಲ್ಲಿ. ಫ್ಲೆಕ್ಸ್ ತೆಗೆದಿದ್ದರು, ಬೋರ್ಡು ಪೂರ್ತಿ ಕಾಣುತ್ತಿತ್ತು. ಅದರ ಕೆಳಗೇ ಕಿತ್ತಳೆ ಜಾಕೆಟ್ ನಿಂತು ಒಂದು ಕೆಎ 20, ಅಂದರೆ ಉಡುಪಿ ಕಡೆಯ ಕಾರನ್ನು ಹಿಂದೆ ಕರೆಯುತ್ತಿತ್ತು. ಓಡಿ ಹೋಗಿ ಆ ಚಾಲಕರಿಗೆ, "ಇಲ್ಲಿ ಇಡಬೇಡಿ ಸರ್, ಲಾಕ್ ಹಾಕುತ್ತಾರೆ, ಈ ಚೀಟಿಗೆ ಬೆಲೆ ಇಲ್ಲ" ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಯಾರು?" ಅಂದರು. ಆಮೇಲೆ ಗಾಜು ಏರಿಸಿಕೊಂಡು ಅಲ್ಲೇ ನಿಲ್ಲಿಸಿದರು.