ಗಡಿಯಾರ, ಬೀಗ, ಭಾನುವಾರ, ಹಾಲ್: ಮಕ್ಕಳ ಮೊಬೈಲ್‌ಗೆ ನಾವು ಹಾಕಿ ನೋಡಿದ ನಾಲ್ಕು ಕಟ್ಟುಪಾಡು

ನನ್ನ ಮಗ ಎರಡು ವರ್ಷ ಹುರಳಿಕಾಯಿ ಪಲ್ಯ ತಿಂದಿದ್ದಾನೆ. ತಿಂದಿದ್ದು ಅವನಿಗೇ ಗೊತ್ತಿರಲಿಲ್ಲ. ಒಂದು ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಯ್ತು. ವೈಫೈ ನಿಂತಿತು. ಎದುರಿಗಿದ್ದ ಟ್ಯಾಬ್‌ನಲ್ಲಿ ಕಾರ್ಟೂನ್ ಅಲ್ಲೇ ಗಿರಗಿರ ಸುತ್ತತೊಡಗಿತು. ಅವನು ಬಾಯಲ್ಲಿದ್ದ ತುತ್ತನ್ನು ನಾಲಿಗೆಯಿಂದ ಆಚೆ ತಳ್ಳಿ, ಎರಡು ಬೆರಳಲ್ಲಿ ಎತ್ತಿ, ಟಾರ್ಚ್ ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ಇದೇನು ಹಸಿರುದು?" ಅಂದ. "ಹುರಳಿಕಾಯಿ ಪುಟ್ಟಾ, ದಿನಾ ತಿಂತೀಯಲ್ಲ" ಅಂದೆ. "ನಂಗಿದು ಇಷ್ಟ ಇಲ್ಲ" ಅಂತ ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟ.

ಆಗ ಅವನಿಗೆ 4 ವರ್ಷ, ಮಗಳಿಗೆ 10. ಈಗ 6 ಮತ್ತು 12. ಈ ಎರಡು ವರ್ಷದಲ್ಲಿ ನಾಲ್ಕು ಥರದ ಕಟ್ಟುಪಾಡು ಹಾಕಿ ನೋಡಿದ್ದೇವೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮದು ಮೈಸೂರಿನಲ್ಲಿ ಎರಡು ರೂಮಿನ ಮನೆ. ನಾನು ಬೆಳಗ್ಗೆ ಹೋದರೆ ಸಂಜೆ ಆರಕ್ಕೆ ಬರುವವಳು. ನಮ್ಮನೆಯವರದ್ದು ಮನೆಯಿಂದಲೇ ಕೆಲಸ, ಅದೂ ಅಮೆರಿಕದ ಟೈಮಿಗೆ. ಅತ್ತೆ ನಮ್ಮ ಜೊತೆಗಿದ್ದಾರೆ, ಅವರ ಜೊತೆ ಅವರ ಧಾರಾವಾಹಿಗಳೂ ಇವೆ. ನಿಮ್ಮ ಮನೆ ಬೇರೆ ಥರ ಇದ್ದರೆ ನನ್ನ ತೀರ್ಪೂ ಬದಲಾಗಬಹುದು.

ಗಡಿಯಾರ: ದಿನಕ್ಕೆ ಇಷ್ಟು ನಿಮಿಷ

ಎಲ್ಲರೂ ಶುರುಮಾಡುವುದು ಇಲ್ಲಿಂದಲೇ. ನಾನೂ ಅಷ್ಟೇ. ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಓದಿದ್ದೆ. 2 ವರ್ಷದ ಒಳಗೆ ಸ್ಕ್ರೀನೇ ಬೇಡ, 2ರಿಂದ 5ರವರೆಗೆ ದೊಡ್ಡವರ ಜೊತೆ ಕೂತು ಹೆಚ್ಚೆಂದರೆ 1 ಗಂಟೆ, 5ರಿಂದ 10ರವರೆಗೆ 2 ಗಂಟೆಯ ಒಳಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿಕ್ಕ ಮಕ್ಕಳಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಓದಿ ನಗು ಬಂತು. ನಮ್ಮನೆಯಲ್ಲಿ ಊಟಕ್ಕೇ ಒಂದೂವರೆ ಗಂಟೆ ಹೋಗುತ್ತಿತ್ತು.

ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದೆ. ಒಳ್ಳೆಯ ಆಪ್, ದುಡ್ಡು ಕೊಡಬೇಕಿಲ್ಲ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಲಾಕ್, ಯಾವ ಆಪ್ ಬೇಕು ಯಾವುದು ಬೇಡ, ಎಲ್ಲಾ ನನ್ನ ಫೋನಿನಿಂದಲೇ. ದಿನಕ್ಕೆ 45 ನಿಮಿಷ ಇಟ್ಟೆ. ಮೊದಲ ವಾರ ಗೆದ್ದೆ ಅಂದುಕೊಂಡೆ.

ಎರಡನೇ ವಾರ ಮಗಳು ಲೆಕ್ಕಪತ್ರ ಶುರುಮಾಡಿದಳು. "ನಿನ್ನೆ ಅಜ್ಜಿ ಜೊತೆ ದೇವಸ್ಥಾನಕ್ಕೆ ಹೋದಾಗ ಹತ್ತು ನಿಮಿಷ ಉಳೀತು, ಇವತ್ತಿಗೆ ಸೇರಿಸು." "ಕರೆಂಟ್ ಹೋಗಿದ್ದು ನನ್ನ ತಪ್ಪಾ?" ನಾನು ಆಫೀಸಲ್ಲಿ ಮೀಟಿಂಗ್‌ನಲ್ಲಿ ಕೂತಿದ್ದರೆ ಫೋನಿನಲ್ಲಿ 'ಇನ್ನಷ್ಟು ಸಮಯ ಬೇಕು' ಅನ್ನುವ ಬೇಡಿಕೆ ಟಣ್ ಅನ್ನುತ್ತಿತ್ತು. ಒಂದು ಸಲ ಸುಮ್ನೆ ಹೋಗಲಿ ಅಂತ 15 ನಿಮಿಷ ಕೊಟ್ಟೆ. ಮುಗೀತು. ಅಲ್ಲಿಂದ ಮುಂದೆ ಅದು ಹಕ್ಕು. ಮೊದಲು ಮೊಬೈಲ್ ಅವಳಿಗೆ ಬೇಜಾರಾದಾಗ ಎತ್ತಿಕೊಳ್ಳುವ ಸಾಮಾನಾಗಿತ್ತು. ಈಗ ಕೂಡಿಡುವ, ಬಡ್ಡಿ ಕೇಳುವ ದುಡ್ಡಾಯಿತು.

ಇನ್ನೊಂದು ತಮಾಷೆ, ಆಪ್ ಹಾಕಿದ್ದು ಮಕ್ಕಳ ಟ್ಯಾಬ್‌ಗೆ. ಅಜ್ಜಿಯ ಫೋನಿಗೆ ಯಾವ ಬೀಗವೂ ಇಲ್ಲವಲ್ಲ! "ಅಜ್ಜಿ, ನಿನ್ನ ಫೋನ್ ಸ್ಲೋ ಆಗಿದೆ, ಸರಿ ಮಾಡ್ಕೊಡ್ತೀನಿ" ಅಂತ ಇಬ್ಬರೂ ಮಂಚದ ಮೇಲೆ ಸೇರಿಕೊಂಡರೆ ಗಂಟೆಗಟ್ಟಲೆ ಸರಿ ಮಾಡುತ್ತಿದ್ದರು.

ನನಗೆ ತಡವಾಗಿ ಹೊಳೆದದ್ದು ಏನೆಂದರೆ, ಗಡಿಯಾರಕ್ಕೆ ಎಲ್ಲಾ 45 ನಿಮಿಷವೂ ಒಂದೇ. ಅಜ್ಜಿ ಪಕ್ಕ ಕೂತು ಒಂದು ಸಿನಿಮಾದ ಅರ್ಧ ನೋಡಿದ ಮಗು ಎದ್ದು ಬಂದು ಕತೆ ಹೇಳುತ್ತದೆ. ಅಷ್ಟೇ ಹೊತ್ತು ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಸಣ್ಣ ಸಣ್ಣ ವಿಡಿಯೊ ನೋಡಿದ ಮಗು ಎದ್ದ ತಕ್ಷಣ ತಮ್ಮನ ತಲೆಗೆ ಮೊಟಕುತ್ತದೆ. ಸಿನಿಮಾಕ್ಕೆ 'ಮುಕ್ತಾಯ' ಇದೆ, ಇದಕ್ಕಿಲ್ಲ. ಕೊನೆಯೇ ಇಲ್ಲದ್ದನ್ನು ನಡುವೆ ಕತ್ತರಿಸಿದರೆ ದೊಡ್ಡವರಿಗೇ ಸಿಟ್ಟು ಬರುತ್ತದೆ, ಅಲ್ವಾ? ಈ ಪದ್ಧತಿಯಿಂದ ನಾನು ಉಳಿಸಿಕೊಂಡಿದ್ದು ಎರಡೇ: ರಾತ್ರಿಯ ಲಾಕ್, ಮತ್ತು ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡುವ ಅಭ್ಯಾಸ. ಆಫ್ ಮಾಡಿದರೆ ಒಂದು ವಿಡಿಯೊ ಮುಗಿದ ಮೇಲೆ ನಿಲ್ಲುತ್ತದೆ, ಆ ಅರೆಕ್ಷಣದಲ್ಲಿ ಊಟಕ್ಕೆ ಕರೆಯಬಹುದು.

ಬೀಗ: ಪೂರ್ತಿ ಬಂದ್

ಗಡಿಯಾರದ ಜಗಳ ಸಾಕಾಗಿ ದಸರಾ ರಜೆ ಮುಗಿದ ಮರುದಿನ ಟ್ಯಾಬ್ ಬೀರುವಿಗೆ ಹೋಯಿತು. ಟೀವಿಯ ರೀಚಾರ್ಜ್ ಮಾಡಿಸಲಿಲ್ಲ. ಅತ್ತೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ, ಮಕ್ಕಳ ಮೇಲೆ ಕಂಡ ಪರಿಣಾಮದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಮೊದಲ ಒಂಬತ್ತು ದಿನ ನರಕ. ಹತ್ತನೇ ದಿನ ಮಗ ಹಿತ್ತಲಲ್ಲಿ ಇರುವೆ ಸಾಲಿಗೆ ಸಕ್ಕರೆ ಇಟ್ಟು ಮುಕ್ಕಾಲು ಗಂಟೆ ಕೂತಿದ್ದ. ಊಟ ಇಪ್ಪತ್ತು ನಿಮಿಷಕ್ಕೆ ಇಳಿಯಿತು, ಹುರಳಿಕಾಯಿ ಬಿಟ್ಟು. ರಾತ್ರಿ ಒಂಬತ್ತಕ್ಕೆ ನಿದ್ದೆ. ಮಗಳು ಹಳೆಯ ಮಕ್ಕಳ ಪತ್ರಿಕೆಗಳ ಕಟ್ಟು ಬಿಚ್ಚಿದಳು.

ಆದರೆ ಬೀಗ ಹಾಕಿದ್ದು ನಮ್ಮ ಮನೆಗೆ, ಊರಿಗಲ್ಲ. ನವೆಂಬರ್‌ನಲ್ಲಿ ನೆಂಟರ ಮದುವೆ. ಛತ್ರದಲ್ಲಿ ಮಗ ಕಾಣಿಸಲಿಲ್ಲ. ಹುಡುಕಿದರೆ, ಊಟದ ಹಾಲ್‌ನ ಮೂಲೆಯಲ್ಲಿ ಯಾರೋ ಗುರುತಿಲ್ಲದ ಹುಡುಗ ಫೋನಿನಲ್ಲಿ ಆಟ ಆಡುತ್ತಿದ್ದ. ಇವನು ಅವನ ಕುರ್ಚಿಯ ಹಿಂದೆ ನಿಂತು, ಗಲ್ಲವನ್ನು ಅವನ ಹೆಗಲಿಗೆ ಊರಿ, ಬಾಯಿ ತೆರೆದು ನೋಡುತ್ತಿದ್ದ. ಕೈಯಲ್ಲಿ ಅರ್ಧ ತಿಂದ ಚಿರೋಟಿ, ಅದರಿಂದ ಬಾದಾಮಿ ಹಾಲು ಆ ಹುಡುಗನ ಜುಬ್ಬಾದ ಬೆನ್ನ ಮೇಲೆ ಹನಿ ಹನಿ ಬೀಳುತ್ತಿತ್ತು. ಇಬ್ಬರಿಗೂ ಗೊತ್ತಿಲ್ಲ. ನನಗೆ ಅವಮಾನಕ್ಕಿಂತ ಅಯ್ಯೋ ಅನ್ನಿಸಿದ್ದು ಜಾಸ್ತಿ.

ಮಗಳ ಕಷ್ಟ ಬೇರೆ. ಸ್ಕೂಲಿನ ಹೋಮ್‌ವರ್ಕ್ ಡೈರಿಯಲ್ಲಿ ಬರುವುದಿಲ್ಲ, ರಾತ್ರಿ ಎಂಟಕ್ಕೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಬರುತ್ತದೆ. ಅದಕ್ಕೆ ನನ್ನ ಫೋನ್ ಬೇಕೇ ಬೇಕು. 'ಬೋರ್ಡ್ ಮೇಲೆ ಬರೆಸಿ ಕಳಿಸಿ' ಅಂತ ಕೇಳಿಕೊಂಡೆ. ಗ್ರೂಪ್‌ನಲ್ಲಿ ಎರಡು ಕೈಮುಗಿದ ಚಿಹ್ನೆ ಬಂತು, ಅಷ್ಟೇ. ಜನವರಿಗೆ ಬೀಗ ಸಡಿಲವಾಯಿತು. ಮಕ್ಕಳಿಗಿಂತ ಮೊದಲು ಸೋತವಳು ನಾನು. ಎರಡಕ್ಕೂ ಜ್ವರ ಬಂದ ದಿನ ಟ್ಯಾಬ್ ನಾನೇ ತೆಗೆದುಕೊಟ್ಟೆ.

2 ವರ್ಷದ ಒಳಗಿನ ಮಗು ಇರುವವರಿಗೆ ಮಾತ್ರ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ರುಚಿಯೇ ಗೊತ್ತಿಲ್ಲದ ಮಗುವಿಗೆ ಇದು ಶಿಕ್ಷೆ ಅಲ್ಲ.

ಭಾನುವಾರ: ರಜೆಯಲ್ಲಿ ಮಾತ್ರ

ಇದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಶನಿವಾರ ಬೆಳಗ್ಗೆ ಐದೂವರೆಗೆ ಎದ್ದು ಕತ್ತಲಲ್ಲಿ ಟ್ಯಾಬ್ ಹಿಡಿದು ಕೂರುವ ಮಕ್ಕಳನ್ನು, ಸೋಮವಾರ ಸ್ಕೂಲಿಗೆ ಎಬ್ಬಿಸಲು ನೀರು ಚಿಮುಕಿಸಬೇಕು. ವಾರದಲ್ಲಿ ನಾವು ಐದೂ ಜನ ಒಟ್ಟಿಗಿರುವುದು ಭಾನುವಾರ ಒಂದೇ ದಿನ. ಅದನ್ನೇ ಸ್ಕ್ರೀನಿಗೆ ಬರೆದುಕೊಟ್ಟ ಹಾಗಾಯಿತು. ಐದು ವಾರಕ್ಕೆ ಬಿಟ್ಟೆವು.

ಹಾಲ್: ಎಷ್ಟು ಹೊತ್ತು ಅಲ್ಲ, ಎಲ್ಲಿ

ನಾಲ್ಕನೆಯದು ಯೋಚಿಸಿ ಮಾಡಿದ್ದಲ್ಲ. ಮನೆಗೆ ಬಣ್ಣ ಹೊಡೆಸುವಾಗ ರೂಮುಗಳ ಪ್ಲಗ್ ಪಾಯಿಂಟ್ ಎಲ್ಲಾ ಬಿಚ್ಚಿದ್ದರು. ಎರಡು ವಾರ ಎಲ್ಲರ ಚಾರ್ಜರೂ ಹಾಲ್‌ನ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ. ಆ ಎರಡು ವಾರ ಮನೆ ಯಾಕೋ ಶಾಂತವಾಗಿತ್ತು. ಬಣ್ಣ ಒಣಗಿದ ಮೇಲೂ ಬಾಕ್ಸ್ ಅಲ್ಲೇ ಉಳಿಯಿತು.

ನಿಯಮ ಇಷ್ಟೇ: ಸ್ಕ್ರೀನ್ ಏನಿದ್ದರೂ ಹಾಲ್‌ನಲ್ಲಿ. ಮಲಗುವ ರೂಮಿಗೆ, ಊಟದ ಜಾಗಕ್ಕೆ, ಬಚ್ಚಲಿಗೆ ಹೋಗುವಂತಿಲ್ಲ. ಇಯರ್‌ಫೋನ್ ಇಲ್ಲ, ಸದ್ದು ಎಲ್ಲರಿಗೂ ಕೇಳಬೇಕು. ನಿಮಿಷ ಲೆಕ್ಕ ಹಾಕುವುದಿಲ್ಲ. ನಮ್ಮನೆಯವರ ಕೆಲಸದ ಲ್ಯಾಪ್‌ಟಾಪ್ ಒಂದಕ್ಕೆ ವಿನಾಯಿತಿ.

ಲೆಕ್ಕ ಹಾಕದಿದ್ದರೆ ಇಡೀ ದಿನ ಕೂರುತ್ತಾರೆ ಅಂತ ಭಯ ಇತ್ತು. ಆಗಲಿಲ್ಲ. ಕಾರಣ ಸರಳ. ಹಾಲ್‌ನಲ್ಲಿ ಅಜ್ಜಿ ಇದ್ದಾರೆ, ಹೂವು ಕಟ್ಟುತ್ತಾ "ಅದ್ಯಾವ ಹುಡುಗಿ? ಯಾಕೆ ಹಂಗೆ ಕುಣೀತಾಳೆ?" ಅಂತ ಕೇಳುತ್ತಾರೆ. ಹಾಲಿನವರು ಬರುತ್ತಾರೆ, ಪಕ್ಕದ ಮನೆಯವರು ಕರಿಬೇವು ಕೇಳಲು ಬರುತ್ತಾರೆ. ಅಂಥ ಜಾಗದಲ್ಲಿ ಎರಡು ಗಂಟೆ ಮೈಮರೆತು ಕೂರುವುದು ಯಾರಿಗೂ ಆಗುವುದಿಲ್ಲ. ಮಗಳು ಏನು ನೋಡುತ್ತಿದ್ದಾಳೆ ಅಂತ ನಾನು ಪತ್ತೇದಾರಿಕೆ ಮಾಡಬೇಕಿಲ್ಲ, ಅಡುಗೆಮನೆಗೆ ಕೇಳಿಸುತ್ತದೆ.

ಒದ್ದಾಡಿದವರು ದೊಡ್ಡವರು. ಬೆಳಗಿನ ಅಲಾರಾಂಗೆ ಫೋನ್ ತಲೆದಿಂಬಿನ ಹತ್ತಿರ ಬೇಕು ಅಂತ ನಮ್ಮನೆಯವರ ವಾದ. ಶಿವರಾಂಪೇಟೆಯ ಅಂಗಡಿಯಿಂದ ಕೀಲಿ ಕೊಡುವ ಅಲಾರಾಂ ಗಡಿಯಾರ ತಂದೆ. ಅದರ ಟಿಕ್ ಟಿಕ್‌ಗೆ ನಿದ್ದೆ ಬರಲ್ಲ ಅಂತ ಅದನ್ನೂ ಹಾಲ್‌ಗೆ ತಂದಿಟ್ಟರು. ಅವರು ಫೋನ್ ಹಿಡಿದು ಬಚ್ಚಲಿಗೆ ಹೊರಟಾಗ ಮಗ ಬಾಗಿಲಿಗೆ ಅಡ್ಡ ನಿಂತು ಕೈ ಚಾಚುತ್ತಾನೆ, ಟೋಲ್ ಗೇಟಿನವರ ಹಾಗೆ.

ಇದರ ಜೊತೆ ಸಂಜೆ 7ರಿಂದ 8 ಎಲ್ಲವೂ ಆಫ್. ಈ ಐಡಿಯಾ ನಮ್ಮದಲ್ಲ. ಬೆಳಗಾವಿ, ವಿಜಯಪುರಕ್ಕೆ ತಾಗಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಹಳ್ಳಿ ಇದೆ. ಅಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗುತ್ತದೆ, ಊರೆಲ್ಲಾ ಒಂದೂವರೆ ಗಂಟೆ ಟೀವಿ, ಫೋನ್ ಆಫ್ ಮಾಡುತ್ತದೆ. ಕೋವಿಡ್ ಹೊತ್ತಿನ ಆನ್‌ಲೈನ್ ಪಾಠದಿಂದ ಮಕ್ಕಳಿಗೆ ಅಂಟಿದ ಫೋನ್ ಬಿಡಿಸಲು ಊರಿನವರೇ ಕೂತು ಮಾಡಿದ ತೀರ್ಮಾನ ಅದು. ನಮಗೆ ಸೈರನ್ ಇಲ್ಲ, ಅತ್ತೆ ದೇವರ ದೀಪ ಹಚ್ಚಿ ಗಂಟೆ ಬಾರಿಸಿದರೆ ಅದೇ ಲೆಕ್ಕ. ಅತ್ತೆಗೆ ಏಳರ ಧಾರಾವಾಹಿ ಬಿಡಿಸಲು ನಾನು ಮಾಡಿದ ರಾಜಿ ಮಾತುಕತೆ ಬರೆದರೆ ಇದಕ್ಕಿಂತ ಉದ್ದ ಆಗುತ್ತದೆ. ಈಗ ಮರುದಿನ ಮಧ್ಯಾಹ್ನ, ಮಕ್ಕಳು ಸ್ಕೂಲಲ್ಲಿರುವಾಗ, ಮರುಪ್ರಸಾರ ನೋಡುತ್ತಾರೆ.

ಆ ಒಂದು ಗಂಟೆಗೆ ಏನು?

ಸ್ಕ್ರೀನ್ ತೆಗೆದ ಜಾಗ ಖಾಲಿ ಬಿಟ್ಟರೆ ಮಕ್ಕಳು ಬಂದು ನಮ್ಮ ಮೇಲೇ ಬೀಳುತ್ತವೆ. ಇಲ್ಲೂ ಒಂದೆರಡು ಹೋಲಿಸಿ ನೋಡಿದೆ. ಮಾತು ಕೇಳುವ ಸ್ಪೀಕರ್ ತಂದೆವು. ಸ್ಕ್ರೀನ್ ಇಲ್ಲ ನಿಜ, ಆದರೆ ಮಗ ಅದಕ್ಕೆ ಆಳಿಗೆ ಹೇಳುವ ಹಾಗೆ ಅಪ್ಪಣೆ ಕೊಡುತ್ತಿದ್ದ, ಅದೇ ದನಿ ಅಜ್ಜಿಯ ಮೇಲೂ ಬಂತು. ವಾಪಸ್ ಡಬ್ಬಕ್ಕೆ. ಸಣ್ಣ ರೇಡಿಯೊ ಉಳಿಯಿತು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ ಊರಲ್ಲಿದ್ದುಕೊಂಡು ಅಷ್ಟಾದರೂ ಬೇಡವೇ? ರೇಡಿಯೊದ ಗುಣ ಏನೆಂದರೆ ಅದು ನಮ್ಮ ಮಾತು ಕೇಳುವುದಿಲ್ಲ, ಹಾಕಿದ್ದನ್ನು ಕೇಳಬೇಕು.

ಗೆದ್ದಿದ್ದು ಚೌಕಾಬಾರ. ಅತ್ತೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಐದು ಮನೆ ಎಳೆದು, ಕಟ್ಟೆಗಳಿಗೆ ಅಡ್ಡಗೀಟು ಹಾಕಿದರು. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಅತ್ತೆಯದು ಹುಣಸೆಬೀಜ, ಮಗಳದು ಬಳೆಚೂರು, ಮಗನದು ಕಡಲೆಕಾಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು, ಮತ್ತೆ ಆಡಬಹುದು. ಒಬ್ಬರ ಕಾಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಇದರಿಂದಲೇ ಅರ್ಧ ಜಗಳ. ಮಗ ಕವಡೆ ಎಣಿಸುತ್ತಾ ಎಣಿಸುತ್ತಾ ಕೂಡುವ ಲೆಕ್ಕ ಕಲಿತ. ಒಂದು ಸಂಜೆ ಸೋಲುವ ಹಾಗಾದಾಗ ತನ್ನ ಕಾಯನ್ನೇ ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟ. "ನನ್ನ ಕಾಯಿ ಹಣ್ಣಾಯ್ತು" ಅಂದ. ಈಗ ಅವನಿಗೂ ಹುಣಸೆಬೀಜವೇ, ಸುಣ್ಣ ಬಳಿದದ್ದು.

ರಜೆಯಲ್ಲಿ ಹುಣಸೂರು ಕಡೆಯ ನಮ್ಮನೆಯವರ ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಲೈಬ್ರರಿ, ಇದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಮಗಳಿಗೆ ಅಲ್ಲಿಯ ಹಳ್ಳಿ ಮಕ್ಕಳ ಜೊತೆ ಓದುವುದು ಇಲ್ಲಿಗಿಂತ ಇಷ್ಟ. ನಿಮ್ಮ ಊರಿನದ್ದು ತೆರೆದಿರುವ ಹೊತ್ತು ಕೇಳಿಟ್ಟುಕೊಳ್ಳಿ.

ನಾಲ್ಕರಲ್ಲಿ ನನ್ನ ಓಟು ಹಾಲ್‌ಗೆ. ಅಜ್ಜಿ ತಾತ ಇಲ್ಲದ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಇಷ್ಟು ಚೆನ್ನಾಗಿ ನಡೆಯುತ್ತದೆ ಅಂತ ಹೇಳಲಾರೆ. ಖಾಲಿ ಹಾಲ್ ಕೂಡ ಒಂದು ರೂಮೇ. ಅಂಥವರಿಗೆ ಗಡಿಯಾರವೇ ವಾಸಿ, ಮನೆಯ ಎಲ್ಲಾ ಫೋನಿಗೂ ಪಾಸ್‌ವರ್ಡ್ ಇದ್ದರೆ. ರೈಲಿನಲ್ಲಿ ಎಂಟು ತಾಸು ಹೋಗುವಾಗ ನಮ್ಮದೂ ಯಾವ ನಿಯಮವೂ ಇಲ್ಲ, ಟ್ಯಾಬ್ ಕೊಟ್ಟು ನಾನು ನಿದ್ದೆ ಮಾಡುತ್ತೇನೆ.

ಈಗಿನ ತಕರಾರು ಹೊಸದು. ಜೂನ್‌ಗೆ ಮಗಳು ಎಂಟನೇ ಕ್ಲಾಸು, ಟ್ಯೂಷನ್‌ಗೆ ಒಬ್ಬಳೇ ಸೈಕಲ್‌ನಲ್ಲಿ ಹೋಗುತ್ತಾಳೆ, ಫೋನ್ ಬೇಕು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16ರ ಒಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆಯೇ ಇಲ್ಲ ಅಂತ ಅವರಪ್ಪ ಪೇಪರ್ ತೋರಿಸಿದರು. "ಅಲ್ಲಿ ಕಾಂಗರೂನೂ ಇದೆ, ತಂದ್ಕೊಡಿ" ಅಂದಳು. ನಾನು ಕೀಪ್ಯಾಡ್ ಫೋನ್ ನೋಡಿಟ್ಟಿದ್ದೇನೆ, ಬರೀ ಕಾಲ್, ಮೆಸೇಜು, ಟಾರ್ಚು. ಅವಳು ಅದನ್ನು ಅಂಗಡಿಯಲ್ಲಿ ಒಂದು ಸಲ ಕೈಗೆ ತಗೊಂಡು, ಬಟನ್ ಒತ್ತಿ, ಅಜ್ಜಿಗೆ ಕೊಟ್ಟಳು. "ಇದು ನಿನಗೆ ಚೆನ್ನಾಗಿದೆ ಅಜ್ಜಿ, ನಿನ್ನ ಫೋನ್ ನಾನು ತಗೋತೀನಿ."

ಅತ್ತೆ ಯೋಚನೆ ಮಾಡುತ್ತಿದ್ದಾರೆ.